ಹಳೆಯ ಅಮೆರಿಕನ್ ಕಾರಿಗೆ ಯಾವ ಚಕ್ರ, ಯಾವ ಟೈರು? ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಅಮೆರಿಕನ್ ಕಾರುಗಳ ಚಕ್ರ ಮತ್ತು ಟೈರುಗಳ ಬಗ್ಗೆ ಬಂದಿರುವ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇನೆ. ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರವು, ಒಂದು ಸಕಲೇಶಪುರದ್ದು. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಮಿಷಿಗನ್ ರಾಜ್ಯದಲ್ಲಿದ್ದೇನೆ. ಆರು ಸಿಲಿಂಡರಿನ 1966ರ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡಿದ್ದೇನೆ. ಅದರ 14 ಇಂಚಿನ ಕಬ್ಬಿಣದ ಚಕ್ರಗಳನ್ನು ತೆಗೆದು 17 ಇಂಚಿನ ಅಲಾಯ್ ಚಕ್ರ ಹಾಕಿಸಬೇಕೆಂದು ಮಗ ಹೇಳುತ್ತಾನೆ. ನನಗೆ ಕಾರಿನ ಹಳೆಯ ಅಂದ ಕೆಡಬಾರದೆಂಬ ಆಸೆ. ಅಂಗಡಿಯಲ್ಲಿ ಮೆಚ್ಚಿದ ಚಕ್ರಗಳಿಗೆಲ್ಲ ಐದು ತೂತು, ನಮ್ಮ ಕಾರಿಗೆ ನಾಲ್ಕೇ ಸ್ಟಡ್ಡು (ಚಕ್ರ ಬಿಗಿಯುವ ಬೋಲ್ಟು). ಅಡಾಪ್ಟರ್, ಅಂದರೆ ಕಾರಿಗೂ ಚಕ್ರಕ್ಕೂ ನಡುವೆ ಬಿಗಿಯುವ ತಟ್ಟೆ, ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ತಮ್ಮ ಸಲಹೆಯೇನು?

ಉತ್ತರ: ಮೊದಲು ಅಡಾಪ್ಟರಿನ ಮಾತು ಮುಗಿಸೋಣ. ದಯವಿಟ್ಟು ಅದನ್ನು ಹಾಕಿಸಬೇಡಿ. ಆ ಕಾಲದ ಮಸ್ಟಾಂಗುಗಳಲ್ಲಿ ಆರು ಸಿಲಿಂಡರಿನವಕ್ಕೆ ನಾಲ್ಕು ಸ್ಟಡ್ಡು, ವಿ-8 ಎಂಜಿನ್ ಇದ್ದವಕ್ಕೆ ಐದು ಸ್ಟಡ್ಡು. ಸ್ಟಡ್ಡುಗಳು ನಿಂತಿರುವ ವೃತ್ತದ ವ್ಯಾಸ, ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಪಿಸಿಡಿ ಎಂದು ಕರೆಯುವ ಅಳತೆ, ಎರಡರಲ್ಲೂ ನಾಲ್ಕೂವರೆ ಇಂಚು, ಅಂದರೆ 114.3 ಮಿಲಿಮೀಟರು. ಹಾಗೆಂದು ವ್ಯತ್ಯಾಸ ಒಂದು ಸ್ಟಡ್ಡಿನದು ಮಾತ್ರ ಎಂದುಕೊಳ್ಳಬಾರದು. ನಿಮ್ಮ ಕಾರಿನ ಬ್ರೇಕ್ ಡ್ರಮ್ಮು 9 ಇಂಚಿನದು, ವಿ-8 ಕಾರಿನದು 10 ಇಂಚಿನದು. ಹಿಂಬದಿಯ ಆಕ್ಸಲ್ ಕೂಡ ನಿಮ್ಮದರಲ್ಲಿ ಹಗುರ. ಅಡಾಪ್ಟರ್ ಹಾಕಿದಾಗ ಇವೆಲ್ಲ ಹಾಗೇ ಉಳಿಯುತ್ತವೆ, ಚಕ್ರ ಮಾತ್ರ ಒಂದು ಇಂಚಿನಷ್ಟು ಹೊರಕ್ಕೆ ಸರಿಯುತ್ತದೆ. ಟೈರು ಮಡ್‌ಗಾರ್ಡಿನ ಅಂಚಿಗೆ ತಾಗುವುದೂ, ಬೇರಿಂಗಿನ ಮೇಲೆ ಹೆಚ್ಚಿನ ಭಾರ ಬೀಳುವುದೂ ಅಲ್ಲಿಂದಲೇ ಆರಂಭವಾಗುತ್ತದೆ. ಐದು ಸ್ಟಡ್ಡಿನ ಚಕ್ರವೇ ಬೇಕೆಂದರೆ ವಿ-8 ಕಾರಿನ ಮುಂಭಾಗದ ಸ್ಪಿಂಡಲ್, ಹಬ್ಬು (ಚಕ್ರ ಒತ್ತಿ ಕೂರುವ ನಡುಭಾಗ), ಬ್ರೇಕು, ಅದಕ್ಕೆ ಹೊಂದುವ ಸ್ಟೀರಿಂಗ್ ಟೈರಾಡ್ ತುದಿಗಳು, ಹಿಂದಕ್ಕೆ 8 ಇಂಚಿನ (ಒಳಗಿನ ದೊಡ್ಡ ಗೇರಿನ ವ್ಯಾಸ) ಆಕ್ಸಲ್ ಇವಿಷ್ಟನ್ನೂ ಒಟ್ಟಿಗೆ ಬದಲಿಸುವುದೇ ಸರಿಯಾದ ದಾರಿ. ಖರ್ಚು ಹೆಚ್ಚು, ಆದರೆ ಆ ಹಣಕ್ಕೆ ಒಳ್ಳೆಯ ಬ್ರೇಕೂ ಸಿಗುತ್ತದೆ. ಅಷ್ಟು ಬೇಡವೆಂದರೆ ಹಳೆಯ ಮಾದರಿಯ ಅಂದದ ಚಕ್ರಗಳು ನಾಲ್ಕು ಸ್ಟಡ್ಡಿಗೂ ತಯಾರಾಗುತ್ತಿವೆ, ಅವನ್ನು ಹುಡುಕಿ.

ಇನ್ನು ಅಳತೆ. ಹೆಚ್ಚಿನವರು ಮೊದಲು ಚಕ್ರ ಮೆಚ್ಚಿ ಕೊಂಡು, ಆಮೇಲೆ ಅದಕ್ಕೆ ಟೈರು ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಕಾರಿಗೆ ಎಷ್ಟು ಎತ್ತರದ, ಎಷ್ಟು ಅಗಲದ ಟೈರು ಒಪ್ಪುತ್ತದೆ ಎಂದು ತೀರ್ಮಾನಿಸಿದ ಮೇಲೆ ಆ ಟೈರನ್ನು ಹಿಡಿಯಬಲ್ಲ ರಿಮ್ಮು ಯಾವುದೆಂದು ನೋಡಬೇಕು. ನಿಮ್ಮ ಕಾರು ಕಾರ್ಖಾನೆಯಿಂದ ಬಂದಾಗ ಅದರಲ್ಲಿದ್ದ ಟೈರಿನ ಅಳತೆ 6.95-14, ಅದರ ಒಟ್ಟು ಎತ್ತರ 25 ಇಂಚಿಗಿಂತ ಸ್ವಲ್ಪ ಹೆಚ್ಚು. ಇಂದಿನ ಟೈರಿನ ಮೇಲೆ 205/70 ಆರ್ 14 ಎಂದಿದ್ದರೆ ಅಗಲ 205 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಭಾಗ, ಅಂದರೆ ಸುಮಾರು 143 ಮಿಲಿಮೀಟರು, ರಿಮ್ಮು 14 ಇಂಚು ಎಂದು ಅರ್ಥ. ಮೇಲೊಂದು ಕೆಳಗೊಂದು ಗೋಡೆ, ನಡುವೆ ರಿಮ್ಮು ಸೇರಿಸಿದರೆ ಒಟ್ಟು ಎತ್ತರ ಸುಮಾರು 643 ಮಿಲಿಮೀಟರು ಆಗುತ್ತದೆ. ಇದೇ ಲೆಕ್ಕದಲ್ಲಿ 215/60 ಆರ್ 15 ಟೈರಿನ ಎತ್ತರ 639, ಮಗ ಬಯಸುವ 17 ಇಂಚಿಗೆ ಹೊಂದುವ 225/45 ಆರ್ 17 ಟೈರಿನದು 634. ಮೂರೂ ಒಂದು ಸೆಂಟಿಮೀಟರಿನ ಅಂತರದೊಳಗೇ ಇರುವುದರಿಂದ ಸ್ಪೀಡೋಮೀಟರಿಗೂ ಗೇರಿಗೂ ತೊಂದರೆಯಿಲ್ಲ. ಬದಲಿಗೆ 5 ಪ್ರತಿಶತ ಹೆಚ್ಚು ಎತ್ತರದ ಟೈರು ಹಾಕಿದ್ದರೆ ಮುಳ್ಳು 60 ಮೈಲಿ ತೋರಿಸುವಾಗ ಕಾರು 63ರಲ್ಲಿ ಓಡುತ್ತಿರುತ್ತದೆ.

ಎತ್ತರ ಒಂದೇ ಆದರೂ ರಬ್ಬರಿನ ಪಾಲು ಒಂದೇ ಅಲ್ಲ. 14 ಇಂಚಿನ ಚಕ್ರದಲ್ಲಿ ರಸ್ತೆಗೂ ರಿಮ್ಮಿಗೂ ನಡುವೆ 143 ಮಿಲಿಮೀಟರು ರಬ್ಬರಿದ್ದರೆ 15ರಲ್ಲಿ 129, 17ರಲ್ಲಿ 101 ಮಾತ್ರ. 1960ರ ದಶಕದ ಸಸ್ಪೆನ್ಷನ್ನನ್ನು ರೂಪಿಸಿದವರು ಟೈರಿನ ಗೋಡೆಯೂ ಒಂದಿಷ್ಟು ಬಾಗಿ ಏಟನ್ನು ನುಂಗುತ್ತದೆ ಎಂದು ಎಣಿಸಿಯೇ ರೂಪಿಸಿದ್ದರು. ಆ ಗೋಡೆ ಕಿರಿದಾದರೆ ಏಟು ನೇರವಾಗಿ ರಬ್ಬರ್ ಬುಷ್ಷುಗಳಿಗೂ ಬಾಡಿಗೂ ಹೋಗುತ್ತದೆ. ಮಿಷಿಗನ್ನಿನಲ್ಲಿ ಚಳಿಗಾಲದ ಹಿಮ ಕರಗಿದ ಮೇಲೆ ರಸ್ತೆಯಲ್ಲಿ ಏಳುವ ಗುಂಡಿಗಳು ಕಡಿಮೆ ರಬ್ಬರಿನ ರಿಮ್ಮನ್ನು ಸುಲಭವಾಗಿ ಬಗ್ಗಿಸುತ್ತವೆ. ಅಂದದ ವಿಷಯದಲ್ಲೂ ನಾನು ನಿಮ್ಮ ಪಕ್ಷವೇ. ಆ ಕಾರಿನ ಮೈಗೆರೆಗಳನ್ನು ಎಳೆದದ್ದೇ ಚಿಕ್ಕ ರಿಮ್ಮು, ಅದರ ಸುತ್ತ ದಪ್ಪ ಕಪ್ಪು ರಬ್ಬರು ಇರುತ್ತದೆಂಬ ಲೆಕ್ಕದಲ್ಲಿ. 17 ಇಂಚಿನ ಚಕ್ರ ಹಾಕಿದಾಗ ಕಣ್ಣು ಚಕ್ರದ ಮೇಲೇ ನಿಲ್ಲುತ್ತದೆ, ಕಾರಿನ ಮೇಲಲ್ಲ. ಈಗಿರುವ ಬ್ರೇಕು ಬದಲಿಸಿ ದೊಡ್ಡ ಡಿಸ್ಕ್ ಬ್ರೇಕು ಹಾಕಿಸಿ, ಅದು ಒಳಗೆ ಹಿಡಿಯದೆ ಹೋದರೆ ಆಗ ದೊಡ್ಡ ಚಕ್ರಕ್ಕೆ ಕಾರಣವಿದೆ. ಇಲ್ಲವಾದರೆ ಓಡಿಸುವ ಕಾರಿಗೆ 15 ಇಂಚು, ಪ್ರದರ್ಶನಕ್ಕಿಡುವ ಕಾರಿಗೆ 14 ಇಂಚು ಎಂಬುದು ನನ್ನ ಅಭಿಪ್ರಾಯ. ಮಗನಿಗೂ ಸಮಾಧಾನವಾಗಬೇಕಾದರೆ ಅಮೆರಿಕನ್ ರೇಸಿಂಗ್ ಕಂಪನಿಯ ಐದು ಕಡ್ಡಿಗಳ ಟಾರ್ಕ್ ಥ್ರಸ್ಟ್ ಚಕ್ರವಿದೆ. ಅದು 1963ರಿಂದ ಬಳಕೆಯಲ್ಲಿರುವ ವಿನ್ಯಾಸವಾದ್ದರಿಂದ ನಿಮ್ಮ ಕಾರಿಗೆ ಕಾಲಮಾನದ ದೃಷ್ಟಿಯಿಂದಲೂ ಒಪ್ಪುತ್ತದೆ, 15 ಇಂಚಿನಲ್ಲಿ ಸಿಗುತ್ತದೆ. ಅದಕ್ಕೆ ಮೊದಲು ಐದು ಸ್ಟಡ್ಡಿನ ಬದಲಾವಣೆ ಆಗಿರಬೇಕು, ಅಷ್ಟೆ. ಈಗಿರುವ ಕಬ್ಬಿಣದ ಚಕ್ರಗಳನ್ನೇ ಉಳಿಸಿಕೊಂಡರೆ ಅವುಗಳ ಅಗಲ ನಾಲ್ಕೂವರೆ ಇಂಚು ಮಾತ್ರ ಎಂಬುದನ್ನು ಮರೆಯಬೇಡಿ. ಅದರ ಮೇಲೆ 205ರ ಟೈರು ಏರಿಸಬಾರದು, 185/75 ಆರ್ 14 ಸಾಕು.

ಎಲ್ಲಕ್ಕಿಂತ ಹೆಚ್ಚು ಹಣ ಪೋಲಾಗುವುದು ಬ್ಯಾಕ್‌ಸ್ಪೇಸಿಂಗ್ ತಿಳಿಯದೆ ಚಕ್ರ ಕೊಳ್ಳುವವರದು, ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ. ಟೈರಿಲ್ಲದ ಚಕ್ರವನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯ ಅಂಚುಗಳ ಮೇಲೆ ಒಂದು ನೇರವಾದ ಮರದ ಪಟ್ಟಿಯನ್ನು ಅಡ್ಡಲಾಗಿ ಇಡಿ. ಆ ಪಟ್ಟಿಯ ಕೆಳ ಅಂಚಿನಿಂದ, ಚಕ್ರವು ಹಬ್ಬಿಗೆ ಒತ್ತಿ ಕೂರುವ ಸಮತಟ್ಟಾದ ಭಾಗದವರೆಗೆ ಟೇಪು ಇಳಿಬಿಟ್ಟು ಅಳೆಯಿರಿ. ಸಿಕ್ಕ ಅಳತೆಯೇ ಬ್ಯಾಕ್‌ಸ್ಪೇಸಿಂಗ್. 7 ಇಂಚು ಅಗಲ ಎಂದು ಹೇಳುವ ಚಕ್ರ ಅಂಚಿನಿಂದ ಅಂಚಿಗೆ ಸುಮಾರು 8 ಇಂಚು ಇರುತ್ತದೆ. ಆದ್ದರಿಂದ ಬ್ಯಾಕ್‌ಸ್ಪೇಸಿಂಗ್ 4 ಇಂಚಾದರೆ ಹಬ್ಬಿಗೆ ಕೂರುವ ಭಾಗ ಸರಿಯಾಗಿ ನಡುವಿನಲ್ಲಿದೆ, ಅದು ನಡುವಿನಿಂದ ಸರಿದ ದೂರ ಅಂದರೆ ಆಫ್‌ಸೆಟ್ ಸೊನ್ನೆ. 1965 ಮತ್ತು 1966ರ ಮಸ್ಟಾಂಗುಗಳ ಮುಂಭಾಗಕ್ಕೆ 15 ಇಂಚು ವ್ಯಾಸ, 7 ಇಂಚು ಅಗಲ, 4ರಿಂದ ನಾಲ್ಕೂಕಾಲು ಇಂಚು ಬ್ಯಾಕ್‌ಸ್ಪೇಸಿಂಗ್ ಇರುವ ಚಕ್ರ ಸಾಮಾನ್ಯವಾಗಿ ಕೂರುತ್ತದೆ. ಇಂದಿನ ಎಷ್ಟೋ ಕಾರುಗಳ ಚಕ್ರಕ್ಕೂ ಪಿಸಿಡಿ 114.3 ಮಿಲಿಮೀಟರೇ ಆಗಿರುವುದರಿಂದ ಗುಜರಿಯಿಂದ ಅಗ್ಗಕ್ಕೆ ತರಬಹುದೆಂದು ಹಲವರು ಯೋಚಿಸುತ್ತಾರೆ. ಆದರೆ ಮುಂಭಾಗದ ಎಂಜಿನ್ನೇ ಮುಂಚಕ್ರ ಓಡಿಸುವ ಆ ಕಾರುಗಳಲ್ಲಿ ಆಫ್‌ಸೆಟ್ 45 ಮಿಲಿಮೀಟರಿನ ಆಸುಪಾಸು ಇರುತ್ತದೆ. 7 ಇಂಚಿನ ಚಕ್ರದಲ್ಲಿ ಅದರ ಅರ್ಥ ಬ್ಯಾಕ್‌ಸ್ಪೇಸಿಂಗ್ ಐದೂಮುಕ್ಕಾಲು ಇಂಚು. ಅಂಥ ಚಕ್ರ ಒಳಕ್ಕೆ ಹೋಗಿ ಮುಂದೆ ಸಸ್ಪೆನ್ಷನ್ನಿಗೆ, ಹಿಂದೆ ಲೀಫ್ ಸ್ಪ್ರಿಂಗಿಗೆ ತಾಗುತ್ತದೆ. ಅದರ ನಡುವಿನ ತೂತೂ ಹಬ್ಬಿಗೆ ಚಿಕ್ಕದಾಗುವುದುಂಟು.

ಹೊಂದುವ ಚಕ್ರಗಳ ಪಟ್ಟಿಯಲ್ಲಿ ಕೂರುತ್ತದೆ ಎಂದಿದ್ದರೂ ನಿಮ್ಮ ಕಾರಿನಲ್ಲೇ ಅಳೆಯಬೇಕು. ಅರವತ್ತು ವರ್ಷದ ಕಾರಿನಲ್ಲಿ ಸ್ಪ್ರಿಂಗು ಕುಸಿದಿರಬಹುದು, ಹಿಂದೆಂದೋ ಆದ ಅಪಘಾತದ ನಂತರ ಮಡ್‌ಗಾರ್ಡನ್ನು ಬೇರೆ ರೀತಿ ಬೆಸೆದಿರಬಹುದು. ಹಿಂಬದಿಯಲ್ಲಿ ಎಡಗಡೆ ಬೆರಳು ತೂರಿದರೆ ಬಲಗಡೆ ತೂರದ ಕಾರುಗಳು ಅಪರೂಪವೇನಲ್ಲ. ಒಂದೇ ಒಂದು ಚಕ್ರಕ್ಕೆ ಟೈರು ಹಾಕಿಸಿ ತನ್ನಿ. ಮುಂದೆ ಕೂರಿಸಿ, ಕಾರಿನ ಭಾರ ಚಕ್ರದ ಮೇಲಿರುವಾಗ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಮಡ್‌ಗಾರ್ಡಿನ ಅಂಚು ಮತ್ತು ಒಳಗಿನ ಸ್ಟ್ರಟ್ ರಾಡ್ ಎಷ್ಟು ದೂರದಲ್ಲಿವೆ ನೋಡಿ. ಬಾಡಿಯನ್ನು ಭದ್ರವಾದ ಸ್ಟ್ಯಾಂಡಿನ ಮೇಲಿಟ್ಟು, ಕೆಳಗಿನ ಆರ್ಮನ್ನು ಜ್ಯಾಕಿನಿಂದ ಎತ್ತಿ ಗುಂಡಿಗೆ ಬಿದ್ದಾಗಿನ ಸ್ಥಿತಿಯನ್ನೂ ಪರೀಕ್ಷಿಸಿ. ಹಿಂದೆ ಲೀಫ್ ಸ್ಪ್ರಿಂಗಿಗೂ ಟೈರಿಗೂ ನಡುವೆ ಕನಿಷ್ಠ ಅರ್ಧ ಇಂಚು ಇರಲೇಬೇಕು. ಇಷ್ಟಾದ ಮೇಲೆ ಉಳಿದ ಮೂರನ್ನು ಕೊಳ್ಳಿ.

ಪ್ರಶ್ನೆ: ಟೆಕ್ಸಾಸಿನಲ್ಲಿ ನನ್ನ ಬಳಿ 1957ರ ಷೆವರ್ಲೆ ಬೆಲ್ ಏರ್ ಇದೆ. ಹಿಂದಿನ ಮಾಲೀಕರು ಹಳೆಯ ಕಾಲದ ಬಯಸ್ ಪ್ಲೈ ಟೈರನ್ನೇ ಹಾಕಿಸಿದ್ದರು. ಹೆದ್ದಾರಿಯಲ್ಲಿ ಕಾರು ಒಂದು ಕಡೆ ನಿಲ್ಲುವುದಿಲ್ಲ, ಕಾಂಕ್ರೀಟಿನ ಗೀರುಗಳ ಹಿಂದೆ ಹೋಗುತ್ತದೆ. ರೇಡಿಯಲ್ ಹಾಕಿಸಿದರೆ ಅಗಲವಾದ ಬಿಳಿ ಪಟ್ಟಿ ಸಿಗುತ್ತದೆಯೇ? ಮುಂದೆ ಎರಡು ಮಾತ್ರ ಬದಲಿಸಿದರೆ ಸಾಕೇ?

ಉತ್ತರ: ಎರಡು ಮಾತ್ರ ಬದಲಿಸಬೇಡಿ. ನಾಲ್ಕನ್ನೂ, ಜೊತೆಗೆ ಸ್ಟೆಪ್ನಿಯನ್ನೂ ಬದಲಿಸಿ. ಬಯಸ್ ಪ್ಲೈ ಟೈರಿನಲ್ಲಿ ಒಳಗಿನ ದಾರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ, ರೇಡಿಯಲ್ಲಿನಲ್ಲಿ ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದು ಮೇಲೊಂದು ಉಕ್ಕಿನ ಪಟ್ಟಿ ಬರುತ್ತದೆ. ತಿರುವಿನಲ್ಲಿ ಎರಡೂ ನೆಲವನ್ನು ಹಿಡಿಯುವ ಬಗೆ ಬೇರೆಯಾದ್ದರಿಂದ ಮುಂದೊಂದು ಹಿಂದೊಂದು ಹಾಕಿದ ಕಾರು ಮಳೆಯಲ್ಲಿ ಹಠಾತ್ತನೆ ತಿರುಗಿಬಿಡಬಹುದು. ಗೀರುಗಳ ಹಿಂದೆ ಹೋಗುವುದು, ಬೆಳಿಗ್ಗೆ ಹೊರಟಾಗ ಮೊದಲ ಕೆಲವು ಮೈಲಿ ದಡಬಡ ಎನ್ನುವುದು ಬಯಸ್ ಪ್ಲೈ ಟೈರಿನ ಸ್ವಭಾವ; ರಾತ್ರಿಯಿಡೀ ನಿಂತ ಕಡೆ ಅದು ಚಪ್ಪಟೆಯಾಗಿರುತ್ತದೆ. ಕಾರಿನಲ್ಲಿ ದೋಷವಿರಲೇಬೇಕೆಂದಿಲ್ಲ.

1957ರ ಷೆವರ್ಲೆ 14 ಇಂಚಿನ ಚಕ್ರಕ್ಕೆ ಬಂದ ಮೊದಲ ವರ್ಷದ ಕಾರು. 1955 ಮತ್ತು 1956ರವಕ್ಕೆ 15 ಇಂಚು ಇತ್ತು. ನಿಮ್ಮ 7.50-14 ಟೈರಿನ ಜಾಗಕ್ಕೆ 205/75 ಆರ್ 14 ರೇಡಿಯಲ್ ಹಾಕಬಹುದು, ಮೂಲ ರಿಮ್ಮಿನ 5 ಇಂಚು ಅಗಲಕ್ಕೂ ಅದು ಹೊಂದುತ್ತದೆ. ಅಗಲ ಬಿಳಿ ಪಟ್ಟಿಯ ರೇಡಿಯಲ್ಲುಗಳನ್ನು ಹಳೆಯ ಕಾರುಗಳಿಗೆಂದೇ ತಯಾರಿಸುತ್ತಾರೆ. ಟೆನೆಸಿಯ ಚಟ್ಟನೂಗದಲ್ಲಿರುವ ಕೋಕರ್ ಕಂಪನಿ ಈ ಕೆಲಸಕ್ಕೆ ಹೆಸರಾದದ್ದು. ಪಟ್ಟಿಯ ಅಗಲವನ್ನು ಮಾತ್ರ ವರ್ಷಕ್ಕೆ ತಕ್ಕಂತೆ ಆರಿಸಿ. 1957ಕ್ಕೆ ಸುಮಾರು ಎರಡೂವರೆ ಇಂಚು ಸರಿ. ಒಂದು ಇಂಚಿನ ಆಸುಪಾಸಿನ ಕಿರಿದಾದ ಪಟ್ಟಿ 1962ರ ಮಾದರಿಗಳಿಂದ ಬಂದದ್ದು, ಅದನ್ನು ಬೆಲ್ ಏರಿಗೆ ಹಾಕಿದರೆ ಬಲ್ಲವರ ಕಣ್ಣಿಗೆ ಚುಚ್ಚುತ್ತದೆ.

ಟೈರು ಹಾಕಿಸಿ ಸುಮ್ಮನಾಗಬಾರದು. ಆ ಕಾಲದ ಕೈಪಿಡಿಯಲ್ಲಿರುವ 24ರ ಆಸುಪಾಸಿನ ಗಾಳಿಯ ಒತ್ತಡ ಬಯಸ್ ಪ್ಲೈಗೆ ಹೇಳಿದ್ದು. ರೇಡಿಯಲ್ಲಿಗೆ 30ರಿಂದ 32 ಪೌಂಡಿನಿಂದ ಆರಂಭಿಸಿ, ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಿತಿಯೊಳಗೆ ಹೊಂದಿಸಿಕೊಳ್ಳಿ. ವೀಲ್ ಅಲೈನ್‌ಮೆಂಟನ್ನು ಹೊಸದಾಗಿ ಮಾಡಿಸಲೇಬೇಕು. ಕಾರ್ಖಾನೆಯ ಹಳೆಯ ಅಂಕಿಗಳಲ್ಲಿ ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಮುಂಚಕ್ರ ತಿರುಗುವ ಅಕ್ಷದ ವಾಲು; ಹಿಂದಕ್ಕೆ ವಾಲಿದರೆ ಧನ) ಸೊನ್ನೆಗೆ ಹತ್ತಿರ. ರೇಡಿಯಲ್ಲಿನೊಂದಿಗೆ ಪವರ್ ಸ್ಟೀರಿಂಗ್ ಇರುವ ಕಾರಿಗೆ 2ರಿಂದ 3 ಡಿಗ್ರಿ ಧನ ಕ್ಯಾಸ್ಟರ್ ಕೊಟ್ಟರೆ ಕಾರು ನೇರವಾಗಿ ಹೋಗುತ್ತದೆ. ಕೈಬಲದ ಸ್ಟೀರಿಂಗಾದರೆ ಅಷ್ಟು ಕೊಡಬೇಡಿ, ನಿಲ್ಲಿಸುವಾಗ ತಿರುಗಿಸುವುದು ಭಾರವಾಗುತ್ತದೆ. ಹಳೆಯ ರಿಮ್ಮುಗಳು ರೇಡಿಯಲ್ಲಿನ ಕೆಳಗೆ ಸ್ವಲ್ಪ ಹೆಚ್ಚು ಬಾಗುವುದರಿಂದ ವೀಲ್ ಕ್ಯಾಪು ತಿರುವಿನಲ್ಲಿ ಕಳಚಿ ಹಾರುವುದುಂಟು. ಅಸಲಿ ಬೆಲ್ ಏರ್ ಕ್ಯಾಪಿನ ಬೆಲೆ ಗೊತ್ತಿರುವವರು ಮೊದಲ ಕೆಲವು ಓಟಗಳಲ್ಲಿ ಅದನ್ನು ಡಿಕ್ಕಿಯಲ್ಲಿಟ್ಟು ಹೋಗುವುದೇ ಮೇಲು. ಹೊಸ ಟೈರು ಹಾಕುವ ಮುನ್ನ ರಿಮ್ಮಿನ ಬಣ್ಣ ಕೆರೆದು, ನಟ್ಟಿನ ತೂತುಗಳ ಸುತ್ತ ಮತ್ತು ಬೆಸುಗೆಯ ಉದ್ದಕ್ಕೂ ಬಿರುಕಿದೆಯೇ ಎಂದು ಪರೀಕ್ಷಿಸಿ; ಬಿರುಕು ಕಂಡರೆ ಬೆಸೆಯಬೇಡಿ, ರಿಮ್ಮನ್ನೇ ಬದಲಿಸಿ.

ಪ್ರಶ್ನೆ: ಕ್ಯಾಲಿಫೋರ್ನಿಯದಲ್ಲಿ 1968ರ ಕಮಾರೋ ಇಟ್ಟುಕೊಂಡಿದ್ದೇನೆ. ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಟೈರು ಸಮೇತ ನಾಲ್ಕು ಚಕ್ರ ಕಡಿಮೆ ಬೆಲೆಗೆ ಸಿಕ್ಕವು. ಟೈರಿನ ಹಲ್ಲು ಹೊಸದರಂತಿದೆ. ಫೋರ್ಡ್ ಕಾರಿನದೆಂದು ಮಾರಿದವರು ಹೇಳಿದರು, ಆದರೆ ಸ್ಟಡ್ಡಿಗೆ ಹೆಚ್ಚು ಕಡಿಮೆ ಸರಿಯಾಗಿಯೇ ಕೂರುತ್ತಿದೆ. ಬಳಸಬಹುದೇ?

ಉತ್ತರ: ಬಳಸಬಾರದು. ನಿಮ್ಮ ಕಮಾರೋದ ಪಿಸಿಡಿ ನಾಲ್ಕೂಮುಕ್ಕಾಲು ಇಂಚು, ಅಂದರೆ 120.65 ಮಿಲಿಮೀಟರು, ಫೋರ್ಡಿನದು 114.3. ಐದು ಸ್ಟಡ್ಡಿನ ಹಬ್ಬಿನಲ್ಲಿ ಅಕ್ಕಪಕ್ಕದ ಎರಡು ಸ್ಟಡ್ಡುಗಳ ನಡುವಿನ ಅಂತರ ಅಳೆದರೆ ಷೆವರ್ಲೆಯಲ್ಲಿ 70.9, ಫೋರ್ಡಿನಲ್ಲಿ 67.2 ಮಿಲಿಮೀಟರು ಬರುತ್ತದೆ. ವ್ಯತ್ಯಾಸ 4 ಮಿಲಿಮೀಟರಿಗೂ ಕಡಿಮೆ ಇರುವುದರಿಂದಲೇ ಬಲವಂತವಾಗಿ ಬಿಗಿದರೆ ಕೂತಂತೆ ಕಾಣುತ್ತದೆ. ನಟ್ಟಿನ ಓರೆಯಾದ ಮುಖ ತೂತಿನ ನಡುವೆ ಕೂರದೆ ಒಂದು ಬದಿಗೆ ಒತ್ತಿ ನಿಲ್ಲುತ್ತದೆ, ಸ್ಟಡ್ಡು ಬಾಗುತ್ತದೆ, ಓಡುತ್ತಾ ನಟ್ಟು ಸಡಿಲವಾಗುತ್ತದೆ. ಚಕ್ರ ಕಳಚಿದರೆ ಕಾರಿಗಿಂತ ಮೊದಲು ಎದುರು ಬರುವವರಿಗೆ ಅಪಾಯ.

ಹಲ್ಲು ಹೊಸದಾಗಿದ್ದರೂ ಟೈರು ಹೊಸದೆಂದು ಹೇಳಲಾಗದು. ಗೋಡೆಯ ಮೇಲೆ ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ನೇರವಾಗಿ ತಿಪ್ಪೆಗೆ ಹೋಗಬೇಕಾದದ್ದು. ಹಳೆಯ ಕಾರುಗಳು ವರ್ಷಕ್ಕೆ ಕೆಲವೇ ನೂರು ಮೈಲಿ ಓಡುವುದರಿಂದ ಅವುಗಳ ಟೈರು ಸವೆಯುವ ಮೊದಲೇ ಒಳಗಿನಿಂದ ಮುಪ್ಪಾಗುತ್ತದೆ, ಹೆದ್ದಾರಿಯ ವೇಗದಲ್ಲಿ ಮೇಲಿನ ಪದರ ಕಿತ್ತುಬರುತ್ತದೆ. ಆರು ವರ್ಷ ಕಳೆದ ಮೇಲೆ ಪ್ರತಿವರ್ಷ ತಜ್ಞರಿಂದ ನೋಡಿಸಿ. ಹತ್ತು ವರ್ಷವಾದ ಟೈರು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ.

ಪ್ರಶ್ನೆ: ಸಕಲೇಶಪುರದ ನಮ್ಮ ತೋಟದ ಮನೆಯಲ್ಲಿ ತಾತನವರ ಕಾಲದ 1947ರ ಷೆವರ್ಲೆ ಕಾರಿದೆ. ಟೈರಿನ ಮೇಲೆ 6.00-16 ಎಂದಿದೆ. ಇದನ್ನು ಅಮೆರಿಕದಿಂದಲೇ ತರಿಸಬೇಕೇ? ಊರಿನ ಅಂಗಡಿಯವರು ಇದೇ ಅಳತೆಯ ಟ್ರಾಕ್ಟರ್ ಟೈರು ಕೊಡುತ್ತೇನೆಂದರು.

ಉತ್ತರ: ಟ್ರಾಕ್ಟರಿನ ಟೈರು ಖಂಡಿತ ಬೇಡ. ಅಳತೆ ಒಂದೇ ಆದರೂ ಅದನ್ನು ಮಾಡಿರುವುದು ಹೊಲದ ವೇಗಕ್ಕೆ. ಅದರ ಮೇಲೆ ಎ6 ಎಂದಿದ್ದರೆ ಗಂಟೆಗೆ 30 ಕಿಲೋಮೀಟರು, ಎ8 ಎಂದಿದ್ದರೆ 40 ಕಿಲೋಮೀಟರು ಮಿತಿ. ನಿಮ್ಮ ಕಾರು ಶಿರಾಡಿ ಘಾಟಿಯಲ್ಲಿ ಇಳಿಯುವಾಗಲೇ ಅದನ್ನು ಮೀರುತ್ತದೆ.

ಅಮೆರಿಕದಿಂದ ತರಿಸುವುದೂ ಅನಿವಾರ್ಯವಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿಗೂ ಇದೇ 6.00-16 ಅಳತೆಯಿದ್ದುದರಿಂದ ನಮ್ಮ ದೇಶದಲ್ಲಿ ಜೀಪಿಗಾಗಿ ಈ ಟೈರು ಬಹುಕಾಲದಿಂದ ತಯಾರಾಗುತ್ತಾ ಬಂದಿದೆ. ಕೊಳ್ಳುವಾಗ ಎರಡು ಸಂಗತಿ ಗಮನಿಸಿ. ಕೆಸರಿಗೆಂದು ದಪ್ಪ ಗಟ್ಟೆಗಳಿರುವ ಟೈರು ಬಿಟ್ಟು, ಉದ್ದುದ್ದ ಗೀರುಗಳಿರುವ ರಸ್ತೆಯ ಟೈರು ಕೇಳಿ. ಗಟ್ಟೆಯ ಟೈರು ಡಾಂಬರಿನ ಮೇಲೆ ಗುಂಯ್‌ಗುಟ್ಟುತ್ತದೆ, ಮಳೆಯಲ್ಲಿ ಜಾರುತ್ತದೆ. ಎರಡನೆಯದು ಪ್ಲೈ ಸಂಖ್ಯೆ, ಅಂದರೆ ಟೈರಿನ ಬಲ ಸೂಚಿಸುವ ಪದರಗಳ ಲೆಕ್ಕ. ಸರಕು ಹೊರುವ ಗಾಡಿಗೆಂದು ಮಾಡಿದ ಹೆಚ್ಚು ಪ್ಲೈನ ಟೈರು ಗಟ್ಟಿಯಾಗಿರುತ್ತದೆ, ಕಾರಿನಲ್ಲಿ ಕೂತವರಿಗೆ ಪ್ರತಿ ಕಲ್ಲೂ ತಿಳಿಯುತ್ತದೆ. ಸಿಗುವುದರಲ್ಲಿ ಕಡಿಮೆ ಪ್ಲೈನದನ್ನು ಆರಿಸಿ. ಟ್ಯೂಬು ಹೊಸದೇ ಇರಲಿ. ಅಮೆರಿಕದ ಕಾರುಗಳಿಗೆ ಟ್ಯೂಬ್‌ಲೆಸ್ ಸಾಮಾನ್ಯವಾದದ್ದು 1955ರ ಮಾದರಿಗಳಿಂದ, ನಿಮ್ಮ ರಿಮ್ಮು ಅದಕ್ಕೆ ಮಾಡಿದ್ದಲ್ಲ. ಮಲೆನಾಡಿನ ಮಳೆಗೆ ರಿಮ್ಮಿನ ಒಳಮೈ ತುಕ್ಕು ಹಿಡಿದು ಉದುರಿರುತ್ತದೆ. ಆ ಚಕ್ಕೆಗಳು ಟ್ಯೂಬನ್ನು ಒಳಗಿಂದಲೇ ಕೊರೆಯುತ್ತವೆ. ಆದ್ದರಿಂದ ರಿಮ್ಮನ್ನು ಪೂರ್ತಿ ಕೆರೆಸಿ, ಬಣ್ಣ ಹೊಡೆಸಿ, ಆಮೇಲೆ ಟೈರು ಏರಿಸಿ. ಅಲಾಯ್ ಚಕ್ರದ ಯೋಚನೆ ಇದ್ದರೆ ಕೈಬಿಡಿ ಎಂದು ಬೇಡಿಕೊಳ್ಳುತ್ತೇನೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ವ್ಯವಸ್ಥೆ ಬಂದಿದೆ; ಮೂರು ತಲೆಮಾರು ಉಳಿಸಿಕೊಂಡು ಬಂದ ಕಾರನ್ನು ಮೂಲ ಚಕ್ರಗಳ ಸಮೇತ ಉಳಿಸುವುದು ಎಲ್ಲ ರೀತಿಯಿಂದಲೂ ಸರಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ 1968ರ ಡಾಡ್ಜ್ ಡಾರ್ಟ್ ಕಾರಿನ ಚಕ್ರ ಬದಲಿಸಲು ಹೊರಟೆ. ಎಡಗಡೆಯ ನಟ್ಟುಗಳು ಎಷ್ಟು ಬಲ ಹಾಕಿದರೂ ಬಿಚ್ಚಲಿಲ್ಲ, ಒಂದು ಸ್ಟಡ್ಡು ಮುರಿಯಿತು. ಏನು ಕಾರಣ?

ಉತ್ತರ: ಕ್ರೈಸ್ಲರ್ ಕಂಪನಿಯ ಆ ಕಾಲದ ಕಾರುಗಳಲ್ಲಿ ಎಡಗಡೆಯ ಸ್ಟಡ್ಡುಗಳಿಗೆ ಎಡಮರೆ ಇರುತ್ತಿತ್ತು. ಸ್ಟಡ್ಡಿನ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ನೋಡಿ, ಎಲ್ ಎಂಬ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಅವನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ನೀವು ಬಿಚ್ಚುತ್ತೇನೆಂದುಕೊಂಡು ಬಿಗಿಯುತ್ತಾ ಹೋಗಿದ್ದೀರಿ. ಹೊಸ ಚಕ್ರ ಕೊಳ್ಳುವ ಮುನ್ನ ಇನ್ನೊಂದು ಸಂಗತಿ ತಿಳಿದಿರಲಿ. ಡಾರ್ಟಿನ ಪಿಸಿಡಿ 4 ಇಂಚು ಮಾತ್ರ, ಕ್ರೈಸ್ಲರಿನ ದೊಡ್ಡ ಕಾರುಗಳ ನಾಲ್ಕೂವರೆ ಇಂಚಿನ ಚಕ್ರ ಇದಕ್ಕೆ ಬರುವುದಿಲ್ಲ. ಅಲ್ಯೂಮಿನಿಯಂ ಚಕ್ರವಾದರೆ ಆ ಚಕ್ರದವರು ಹೇಳಿದ ಬಗೆಯ ನಟ್ಟನ್ನೇ ಬಳಸಬೇಕು, ಎಡಗಡೆಗೆ ಎಡಮರೆಯದನ್ನೇ ಕೇಳಿ ತರಬೇಕು. ನಟ್ಟು ಸ್ಟಡ್ಡಿನ ದಪ್ಪದಷ್ಟು ಉದ್ದವಾದರೂ ಮರೆಯಲ್ಲಿ ಕೂತಿರಬೇಕು. ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿದು, 80 ಕಿಲೋಮೀಟರು ಓಡಿಸಿದ ಮೇಲೆ ಚಕ್ರ ತಣ್ಣಗಾದಾಗ ಮತ್ತೊಮ್ಮೆ ಬಿಗಿಯಿರಿ. ಹೊಸ ಅಲ್ಯೂಮಿನಿಯಂ ಚಕ್ರ ಮೊದಲ ಓಟದಲ್ಲಿ ಕೂತುಕೊಳ್ಳುವಾಗ ನಟ್ಟು ಸ್ವಲ್ಪ ಸಡಿಲವಾಗಿಯೇ ಇರುತ್ತದೆ.